ಹೊಲದ ಮೇಲಿನ ಕಾಣದ ಮಾಳಿಗೆ

ವಿಮಾನತಾಣದ ಸುತ್ತಿನ ಹಳ್ಳಿಗಳ ರೈತರು ತಿಳಿದಿರಬೇಕಾದ ಕಟ್ಟಳೆಗಳು

ಹೊಲ ಕೊಳ್ಳುವ ರೈತನು ಮೊದಲು ಮಣ್ಣು ನೋಡುತ್ತಾನೆ. ಎರೆಯೋ ಮಸಾರಿಯೋ, ಬಾವಿಗೆ ನೀರುಂಟೋ ಇಲ್ಲವೋ, ಬಂಡಿ ಹೋಗಲು ದಾರಿಯಿದೆಯೋ ಇಲ್ಲವೋ, ಉತಾರದಲ್ಲಿ ಯಾರ ಹೆಸರಿದೆ ಎಂಬಿಷ್ಟನ್ನು ವಿಚಾರಿಸಿದರೆ ವ್ಯವಹಾರ ಮುಗಿಯಿತೆಂದು ನಮ್ಮ ಹಿರಿಯರು ತಿಳಿಯುತ್ತಿದ್ದರು. ಆಕಾಶದ ಕಡೆಗೆ ನಾವು ನೋಡುವುದು ಮಳೆಗಾಗಿ ಮಾತ್ರ. ಆದರೆ ವಿಮಾನತಾಣದ ಸುತ್ತಿನ ಹಳ್ಳಿಗಳಲ್ಲಿ ಹೊಲದ ಮೇಲಣ ಆಕಾಶವನ್ನೂ ಅಳೆದು ನೋಡಬೇಕಾಗಿದೆ. ಅಲ್ಲಿ ಪ್ರತಿಯೊಂದು ಹೊಲದ ಮೇಲೂ ಕಣ್ಣಿಗೆ ಕಾಣದ ಮಾಳಿಗೆಯೊಂದು ಹರಡಿಕೊಂಡಿದೆ. ಅದಕ್ಕೆ ಕಂಬವಿಲ್ಲ, ತೊಲೆಯಿಲ್ಲ. ಆದರೆ ಕಾಯಿದೆಯ ಬಲವಿದೆ. ಅದನ್ನು ಮೀರಿ ಮನೆಯಾಗಲಿ, ನೀರಿನ ಟಾಕಿಯಾಗಲಿ, ಮೊಬೈಲ್ ಟವರಾಗಲಿ, ತೆಂಗಿನ ಮರವೇ ಆಗಲಿ ತಲೆ ಎತ್ತುವಂತಿಲ್ಲ.

ಈ ಮಾಳಿಗೆಯ ಸುದ್ದಿ ನಮ್ಮ ಜನಕ್ಕೆ ತಡವಾಗಿ ತಿಳಿಯುತ್ತದೆ. ನಿಯಮಗಳು ಇಂಗ್ಲಿಷಿನಲ್ಲಿವೆ, ಊರ ಚಾವಡಿಗೆ ಬರುವ ಪ್ರಕಟಣೆ ಸೊಲ್ಲಾಪುರದ ಕಡೆ ಮರಾಠಿಯಲ್ಲಿ, ಹೊಸೂರಿನ ಕಡೆ ತಮಿಳಿನಲ್ಲಿ ಇರುತ್ತದೆ. ಮನೆಯಲ್ಲಿ ಕನ್ನಡ ಮಾತನಾಡುವ ರೈತನು ಆ ಕಾಗದವನ್ನು ಮಡಿಚಿ ಗೂಡಿನಲ್ಲಿಡುತ್ತಾನೆ. ಅದರ ಅರ್ಥ ತಿಳಿಯುವಷ್ಟರಲ್ಲಿ ಗೋಡೆ ಎದ್ದಿರುತ್ತದೆ, ಸಾಲ ಏರಿರುತ್ತದೆ. ಆದುದರಿಂದ ಈ ವಿಷಯವನ್ನು ನಮ್ಮ ಭಾಷೆಯಲ್ಲಿ, ನಮ್ಮ ಹೊಲಮನೆಗಳ ಲೆಕ್ಕದಲ್ಲಿ ಬಿಡಿಸಿ ಹೇಳುವುದು ಅವಶ್ಯವೆಂದು ತೋರಿತು.

ಸೊಲ್ಲಾಪುರದ ಚಿಮಣಿ

ಸೊಲ್ಲಾಪುರದ ಹೊಟಗಿ ರಸ್ತೆಯ ವಿಮಾನತಾಣದ ಸಮೀಪದಲ್ಲಿ ಕುಮಠೆಯ ಶ್ರೀ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರಖಾನೆ ಇದೆ. ಕಬ್ಬಿನ ಸಿಪ್ಪೆಯನ್ನು ಉರಿಸಿ ವಿದ್ಯುತ್ತು ತಯಾರಿಸುವ ಘಟಕಕ್ಕಾಗಿ ಕಾರಖಾನೆಯು ಸುಮಾರು ೯೦ ಮೀಟರು ಎತ್ತರದ ಚಿಮಣಿಯೊಂದನ್ನು ಕಟ್ಟಿತ್ತು. ಇದು ವಿಮಾನದ ದಾರಿಗೆ ಅಡ್ಡವೆಂಬ ಆಕ್ಷೇಪ ಬಂದಿತು. ಕಚೇರಿಗಳಲ್ಲಿಯೂ ಕೋರ್ಟಿನಲ್ಲಿಯೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಕೊನೆಗೆ ೨೦೨೩ನೆಯ ಇಸವಿ ಜೂನ್ ೧೫ರಂದು ಮಹಾನಗರಪಾಲಿಕೆಯವರು ಸ್ಫೋಟಕಗಳನ್ನಿಟ್ಟು ಅದನ್ನು ಕೆಡವಿದರು. ಕಟ್ಟಲು ತಿಂಗಳುಗಟ್ಟಲೆ ಹಿಡಿದ ಚಿಮಣಿ ಕ್ಷಣಮಾತ್ರದಲ್ಲಿ ನೆಲಕ್ಕೊರಗಿತು.

ಅನಂತರ ೨೦೨೪ರ ಸೆಪ್ಟೆಂಬರ್ ೨೯ರಂದು ಪ್ರಧಾನಮಂತ್ರಿಗಳು ದೂರದಿಂದಲೇ ಈ ವಿಮಾನತಾಣದ ಉದ್ಘಾಟನೆ ನೆರವೇರಿಸಿದರು. ೨೦೨೫ರ ಜೂನ್ ೯ರಂದು ಗೋವೆಗೆ ವಿಮಾನ ಸಂಚಾರ ಆರಂಭವಾಯಿತು.

ಈ ಪ್ರಸಂಗವನ್ನು ಕೇಳಿದಾಗ ರೈತನ ಮನಸ್ಸು ನೋಯುವುದು ಸಹಜ. ಕಾರಖಾನೆ ಯಾರೋ ಒಬ್ಬ ಸಾಹುಕಾರನದಲ್ಲ. ಕಬ್ಬು ಬೆಳೆಯುವ ಸಭಾಸದರದು. ವಿಮಾನತಾಣವೇ ಬೋರಾಮಣಿಗೆ ಹೋಗಲಿ, ಅಲ್ಲಿ ಅದಕ್ಕೆಂದು ಭೂಮಿ ಸ್ವಾಧೀನವಾಗಿದೆಯಲ್ಲ ಎಂದು ಅವರ ಪರವಾಗಿ ವಾದಿಸಿದವರಿದ್ದರು. ವಿಮಾನ ಬಂದರೆ ಉದ್ಯಮ ಬೆಳೆಯುತ್ತದೆ, ಮಕ್ಕಳಿಗೆ ಕೆಲಸ ಸಿಗುತ್ತದೆ ಎಂದು ನಗರದಲ್ಲಿ ವಾದಿಸಿದವರೂ ಇದ್ದರು. ಯಾರ ಮಾತು ಎಷ್ಟು ಸರಿಯೆಂದು ಇಲ್ಲಿ ತೂಗುವ ಉದ್ದೇಶವಿಲ್ಲ. ಇದರಲ್ಲಿ ಎರಡು ಕಟ್ಟಳೆಗಳು ಒಂದಕ್ಕೊಂದು ಎದುರಾಗಿ ನಿಂತುದನ್ನು ಮಾತ್ರ ಗಮನಿಸಬೇಕು. ಹೊಗೆ ಊರ ಮೇಲೆ ಇಳಿಯಬಾರದು, ಆದುದರಿಂದ ಚಿಮಣಿ ಎತ್ತರವಾಗಿರಲಿ ಎಂಬುದು ಮಾಲಿನ್ಯ ತಡೆಯುವವರ ಕಟ್ಟಳೆ. ವಿಮಾನಕ್ಕೆ ತಾಗಬಾರದು, ಆದುದರಿಂದ ಚಿಮಣಿ ತಗ್ಗಾಗಿರಲಿ ಎಂಬುದು ವಿಮಾನದವರ ಕಟ್ಟಳೆ. ಎರಡನ್ನೂ ಒಂದೇ ಜಾಗದಲ್ಲಿ ಪಾಲಿಸಲಾಗದಿದ್ದರೆ ಜಾಗವನ್ನೇ ಬದಲಿಸಬೇಕು. ಅದಕ್ಕೆ ತಕ್ಕ ಸಮಯ ಅಡಿಗಲ್ಲು ಇಡುವ ಮುಂಚೆಯೇ ಹೊರತು ಆಮೇಲೆ ಅಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಬಂತು?

ವಿಮಾನಕ್ಕೆ ಇಷ್ಟು ಬಯಲು ಏಕೆ ಬೇಕು?

ವಿಮಾನವು ಹದ್ದಿನಂತೆ ನೆಟ್ಟಗೆ ಕೆಳಗೆರಗುವುದಿಲ್ಲ. ದೂರದಿಂದಲೇ ಮೆಲ್ಲಮೆಲ್ಲನೆ ಜಾರಿಕೊಂಡು ಬರುತ್ತದೆ. ಸಾಮಾನ್ಯವಾಗಿ ಸುಮಾರು ೧೯ ಮೀಟರು ಮುಂದೆ ಬರುವಷ್ಟರಲ್ಲಿ ಒಂದು ಮೀಟರು ಕೆಳಗಿಳಿಯುವ ಇಳಿಜಾರು ಅದರ ಹಾದಿ. ಮಂಜು, ಮಳೆ, ಗಾಳಿಯ ಹೊಡೆತಗಳಲ್ಲಿ ಅದು ಹಾದಿಯಿಂದ ಸ್ವಲ್ಪ ಕೆಳಗೆ ಬಂದೀತು, ಪಕ್ಕಕ್ಕೆ ಸರಿದೀತು. ಏರುವಾಗ ಒಂದು ಎಂಜಿನು ಕೈಕೊಟ್ಟರೆ ಉಳಿದ ಎಂಜಿನಿನ ಬಲದಿಂದ ಬಹಳ ನಿಧಾನವಾಗಿ ಮೇಲೇರಬೇಕಾಗುತ್ತದೆ. ಇಂಥ ಹೊತ್ತಿನಲ್ಲಿ ಎದುರಿಗೆ ಟವರೋ ಮರವೋ ಇದ್ದರೆ ವಿಮಾನದಲ್ಲಿ ಕುಳಿತವರಿಗಷ್ಟೇ ಅಲ್ಲ, ಕೆಳಗೆ ಹೊಲದಲ್ಲಿ ಕಳೆ ತೆಗೆಯುವವರಿಗೂ ಅಪಾಯ. ಈ ಕಟ್ಟಳೆ ವಿಮಾನದಲ್ಲಿ ಹೋಗುವವರಿಗಾಗಿ ಮಾತ್ರ ಎಂದು ತಿಳಿಯಬಾರದು. ಅದರ ಕೆಳಗೆ ವಾಸಿಸುವವರ ಜೀವಕ್ಕೂ ಅದು ಕಾವಲು.

ಮಾಳಿಗೆಯ ಆಕಾರ

ಜಗತ್ತಿನ ರಾಷ್ಟ್ರಗಳು ಒಪ್ಪಿಕೊಂಡ ಅಂತರರಾಷ್ಟ್ರೀಯ ಪ್ರಮಾಣಗಳ ಮೇಲೆ ಈ ಮಾಳಿಗೆಯನ್ನು ಲೆಕ್ಕಹಾಕಿದ್ದಾರೆ. ದೊಡ್ಡ ವಿಮಾನಗಳು ಉಪಕರಣಗಳ ಸಹಾಯದಿಂದ ಇಳಿಯುವ ತಾಣಗಳಿಗೆ ಅನ್ವಯಿಸುವ ಲೆಕ್ಕವನ್ನು ಇಲ್ಲಿ ಕೊಟ್ಟಿದೆ. ಚಿಕ್ಕ ತಾಣಗಳಿಗೆ ಅಳತೆ ಬೇರೆಯಿರುತ್ತದೆ.

ನಮ್ಮ ಮನೆಯ ಹಿಟ್ಟು ನಾದುವ ಪರಾತವನ್ನು ನೆನೆಸಿಕೊಳ್ಳಿರಿ. ಅದರ ತಳ ಸಪಾಟು. ಅಂಚು ಓರೆಯಾಗಿ ಮೇಲಕ್ಕೆ ಏರಿದೆ. ಇಂಥ ದೊಡ್ಡ ಪರಾತವೊಂದು ವಿಮಾನತಾಣದ ಮೇಲೆ ೪೫ ಮೀಟರು ಎತ್ತರದಲ್ಲಿ ತೇಲುತ್ತಿದೆ ಎಂದು ಊಹಿಸಿರಿ. ಅದರ ಸಪಾಟು ತಳ ಸುಮಾರು ೪ ಕಿಲೋಮೀಟರು ದೂರದವರೆಗೆ ಹರಡಿದೆ. ಅಲ್ಲಿಂದಾಚೆ ಅದರ ಅಂಚು ಪ್ರತಿ ೨೦ ಮೀಟರಿಗೆ ಒಂದು ಮೀಟರಿನಂತೆ ಏರುತ್ತ ಹೋಗುತ್ತದೆ. ಆ ಅಂಚಿನ ಆಚೆಗೂ ಬಹುದೂರದವರೆಗೆ ಸುಮಾರು ೧೫೦ ಮೀಟರಿನ ಮಿತಿ ಇರುತ್ತದೆ.

ಇನ್ನು ವಿಮಾನ ಓಡುವ ಹಾದಿಯ ಎರಡೂ ತುದಿಗಳಲ್ಲಿ ಲೆಕ್ಕ ಬಿಗಿ. ಅಲ್ಲಿ ಮಾಳಿಗೆ ಕಾಳು ಕೇರುವ ಮೊರದ ಆಕಾರದಲ್ಲಿದೆ. ತುದಿಯಿಂದ ೬೦ ಮೀಟರು ಆಚೆಗೆ, ಸುಮಾರು ೩೦೦ ಮೀಟರು ಅಗಲದಲ್ಲಿ ಅದು ನೆಲದಿಂದ ಆರಂಭವಾಗುತ್ತದೆ. ದೂರ ಹೋದಂತೆ ಎರಡೂ ಪಕ್ಕಗಳಲ್ಲಿ ನೂರಕ್ಕೆ ಹದಿನೈದರಂತೆ ಅಗಲವಾಗುತ್ತದೆ. ಪ್ರತಿ ೫೦ ಮೀಟರಿಗೆ ಒಂದು ಮೀಟರಿನಂತೆ ಮೇಲೇರುತ್ತದೆ. ಓಡುಹಾದಿಯ ಮಗ್ಗುಲಿನ ಪಟ್ಟಿಯ ಅಂಚಿನಿಂದ ಪಕ್ಕಕ್ಕೆ ಸರಿದರೆ ಪ್ರತಿ ೭ ಮೀಟರಿಗೆ ಒಂದು ಮೀಟರಿನಂತೆ ಏರುತ್ತದೆ.

ಈಗ ಲೆಕ್ಕ ಮಾಡಿ ನೋಡೋಣ. ಓಡುಹಾದಿಯ ನೇರಕ್ಕೆ, ಅದರ ತುದಿಯಿಂದ ೨೬೦ ಮೀಟರು ದೂರದ ಹೊಲದಲ್ಲಿ ಮಾಳಿಗೆಯ ಎತ್ತರ ೪ ಮೀಟರು ಮಾತ್ರ. ೫೬೦ ಮೀಟರಿನಲ್ಲಿ ೧೦ ಮೀಟರು. ೧,೦೬೦ ಮೀಟರಿನಲ್ಲಿ ೨೦ ಮೀಟರು. ೨,೦೬೦ ಮೀಟರಿನಲ್ಲಿ ೪೦ ಮೀಟರು. ಇನ್ನೂ ಸ್ವಲ್ಪ ಆಚೆ ಹೋದರೆ ಮೊರದ ಮಾಳಿಗೆ ೪೫ ಮೀಟರು ದಾಟುತ್ತದೆ. ಆದರೆ ಅಲ್ಲಿ ಪರಾತದ ತಳ ಇದ್ದೇ ಇದೆ. ಎರಡು ಮಾಳಿಗೆಗಳಲ್ಲಿ ಯಾವುದು ಕೆಳಗಿದೆಯೋ ಅದೇ ನಿಮ್ಮ ಮಿತಿ ಎಂಬುದು ಸಾಮಾನ್ಯ ಸೂತ್ರ.

ಸಮುದ್ರಮಟ್ಟದ ಲೆಕ್ಕದಲ್ಲಿ ಮೋಸಹೋಗಬೇಡಿರಿ

ನಮ್ಮ ಜನ ಬಹಳವಾಗಿ ತಪ್ಪುವುದು ಇಲ್ಲಿ. ವಿಮಾನತಾಣದವರು ಕೊಡುವ ಕಾಗದದಲ್ಲಿ ಎತ್ತರವನ್ನು ಹೊಲದ ನೆಲದಿಂದ ಎಣಿಸಿರುವುದಿಲ್ಲ, ಸಮುದ್ರಮಟ್ಟದಿಂದ ಎಣಿಸಿರುತ್ತಾರೆ. ವಿಮಾನತಾಣದ ನೆಲ ಸಮುದ್ರಮಟ್ಟದಿಂದ ೪೮೦ ಮೀಟರು ಮೇಲಿದೆಯೆಂದು ಇಟ್ಟುಕೊಳ್ಳೋಣ. ಪರಾತದ ತಳ ಅದರ ಮೇಲೆ ೪೫ ಮೀಟರು, ಅಂದರೆ ೫೨೫ ಮೀಟರಿನಲ್ಲಿರುತ್ತದೆ. ನಿಮ್ಮ ಹೊಲ ದಿಬ್ಬದ ಮೇಲಿದ್ದು ಅದರ ನೆಲವೇ ೪೯೨ ಮೀಟರು ಇದ್ದರೆ ನಿಮಗೆ ಉಳಿಯುವುದು ೩೩ ಮೀಟರು. ಪಕ್ಕದ ಹಳ್ಳದ ದಂಡೆಯ ಹೊಲ ೪೭೦ ಮೀಟರಿನಲ್ಲಿದ್ದರೆ ಆ ರೈತನಿಗೆ ೫೫ ಮೀಟರು ಸಿಗುತ್ತದೆ. ಇದರಲ್ಲಿ ಪಕ್ಷಪಾತವೇನೂ ಇಲ್ಲ. ಮಾಳಿಗೆ ಸಪಾಟು, ನೆಲ ಮಾತ್ರ ಏರುಪೇರು. ಆದುದರಿಂದ ಕಾಗದದಲ್ಲಿ ೫೨೫ ಎಂದು ಬರೆದುದನ್ನು ಕಂಡು ಐನೂರು ಮೀಟರು ಕಟ್ಟಬಹುದೆಂದು ಹಿಗ್ಗಬಾರದು. ನೆಲದ ಮಟ್ಟವನ್ನು ಕಳೆದು ಉಳಿದುದೇ ನಿಮ್ಮ ಪಾಲು. ಮನೆಯ ಮೇಲಿನ ನೀರಿನ ಟಾಕಿ, ಸಿಡಿಲು ತಡೆಯುವ ಸರಳು, ದೂರದರ್ಶನದ ಕೋಲು ಎಲ್ಲವೂ ಇದರಲ್ಲೇ ಅಡಗಬೇಕು.

ಈ ಲೆಕ್ಕವನ್ನು ಕಂಡು ಬಡ ರೈತನು ಹೆದರಬೇಕಾಗಿಲ್ಲ. ಒಂದು ಅಂತಸ್ತು ಏರಿಸಿದ ಮನೆ ಏಳೆಂಟು ಮೀಟರು ದಾಟುವುದಿಲ್ಲ. ಕಬ್ಬು, ಜೋಳ ಮೂರು ನಾಲ್ಕು ಮೀಟರು. ಓಡುಹಾದಿಯ ತುದಿಗಳ ಹತ್ತಿರದ ಪಟ್ಟಿಯೊಂದನ್ನು ಬಿಟ್ಟರೆ ಸಾಧಾರಣ ಮನೆಗೂ ಬೇಸಾಯಕ್ಕೂ ಈ ಮಾಳಿಗೆ ತಾಗುವುದಿಲ್ಲ. ತಾಗುವುದು ಚಿಮಣಿ, ಮೊಬೈಲ್ ಟವರು, ಗಾಳಿಯಂತ್ರ, ಎತ್ತರದ ವಿದ್ಯುತ್ ಗೋಪುರ, ಬಹು ಅಂತಸ್ತಿನ ಕಟ್ಟಡ, ಊರಿನ ಎತ್ತರದ ನೀರಿನ ಟಾಕಿ, ಇವುಗಳಿಗೆ.

ಮರದ ಎತ್ತರ ಅಳೆಯುವ ಸುಲಭ ಬಗೆ

ಕಟ್ಟಡದ ಎತ್ತರ ನಕ್ಷೆಯಲ್ಲಿರುತ್ತದೆ. ಮರದ ಎತ್ತರವನ್ನು ಬರೆದಿಟ್ಟವರಾರು? ಮರವು ವರ್ಷವರ್ಷ ಬೆಳೆಯುವ ವಸ್ತು. ನೆಟ್ಟಾಗ ಮಾಳಿಗೆಯ ಕೆಳಗಿದ್ದುದು ಹತ್ತಿಪ್ಪತ್ತು ವರ್ಷಗಳಲ್ಲಿ ಅದನ್ನು ದಾಟಬಹುದು. ಹಳೆಯ ತೆಂಗು ಇಪ್ಪತ್ತೈದು ಮೀಟರು ಮುಟ್ಟುತ್ತದೆ, ನೀಲಗಿರಿ ಅದನ್ನೂ ಮೀರುತ್ತದೆ. ಹುಣಸೆ, ಬೇವು, ಸಾಗವಾನಿಗಳೂ ಚಿಕ್ಕವಲ್ಲ.

ಶಾಲೆಯಲ್ಲಿ ಏಳನೆಯ ಇಯತ್ತೆಯ ಮಕ್ಕಳಿಂದ ನಾನು ಮಾಡಿಸುವ ಒಂದು ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಿಸಿಲಿರುವ ಹೊತ್ತಿನಲ್ಲಿ ಸಪಾಟು ನೆಲದ ಮೇಲೆ, ಮರದ ಹತ್ತಿರ ಒಂದು ಮೀಟರು ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿರಿ. ಕೋಲಿನ ನೆರಳನ್ನು ಅಳೆಯಿರಿ. ಅದೇ ಹೊತ್ತಿಗೆ ಮರದ ಬುಡದಿಂದ ನೆರಳಿನ ತುದಿಯವರೆಗೆ ಅಳೆಯಿರಿ. ಕೋಲಿನ ನೆರಳು ಒಂದೂವರೆ ಮೀಟರು, ಮರದ ನೆರಳು ೨೭ ಮೀಟರು ಬಂದಿತೆನ್ನೋಣ. ೨೭ನ್ನು ಒಂದೂವರೆಯಿಂದ ಭಾಗಿಸಿದರೆ ೧೮. ಮರದ ಎತ್ತರ ೧೮ ಮೀಟರು. ಇದು ಸರಕಾರಿ ಅಳತೆಯಲ್ಲ. ಆದರೆ ನೀವು ನಿರಾಳವಾಗಿರಬೇಕೋ ವಿಚಾರಿಸಬೇಕೋ ಎಂಬುದನ್ನು ತಿಳಿಯಲು ಸಾಕು.

ಓಡುಹಾದಿಯ ನೇರಕ್ಕೆ ಹೊಲವುಳ್ಳವರು ಬದುವಿಗೆ ನೀಲಗಿರಿ, ಸರ್ವೆ, ತೆಂಗು ನೆಡದೆ ದಾಳಿಂಬೆ, ನಿಂಬೆ, ಪೇರಲಗಳಂಥ ಕಿರುಮರಗಳನ್ನು ಆರಿಸುವುದು ಲೇಸು. ದಾಳಿಂಬೆ ಹೇಗೂ ಸೊಲ್ಲಾಪುರ ಸೀಮೆಗೆ ಹೆಸರು ತಂದ ಬೆಳೆ. ಸವರುತ್ತ ಬಂದರೆ ಅದು ತಲೆಯ ಮೇಲೆ ಹೆಚ್ಚು ಏರುವುದಿಲ್ಲ.

ಹಕ್ಕಿ, ಕಸ, ಹೊಗೆ, ಬೆಳಕು

ವಿಮಾನಕ್ಕೆ ಮರ, ಕಟ್ಟಡಗಳಷ್ಟೇ ಅಪಾಯಕರವಾದುದು ಹಕ್ಕಿ. ವೇಗವಾಗಿ ಹೋಗುವ ವಿಮಾನದ ಎಂಜಿನಿಗೆ ಹದ್ದೊಂದು ಬಡಿದರೆ ಎಂಜಿನು ಕೆಡಬಹುದು. ಹಕ್ಕಿ ಬರುವುದು ಆಹಾರಕ್ಕಾಗಿ. ಆದುದರಿಂದ ೧೯೩೭ರ ವಿಮಾನ ನಿಯಮಗಳಲ್ಲಿ ವಿಮಾನತಾಣದ ಸುತ್ತ ೧೦ ಕಿಲೋಮೀಟರಿನೊಳಗೆ ಬಯಲಲ್ಲಿ ಪ್ರಾಣಿ ಕಡಿಯುವುದು, ಚರ್ಮ ಸುಲಿಯುವುದು, ಹಕ್ಕಿಗಳನ್ನು ಕರೆಯುವಂಥ ಕಸ, ಹೊಲಸು ಚೆಲ್ಲುವುದು ಇವನ್ನು ನಿಷೇಧಿಸಿದರು. ಸತ್ತ ದನವನ್ನು ಊರಾಚೆ ಬಿಸುಟು ಬರುವ ಹಳೆಯ ರೂಢಿ ಇಂಥ ಹಳ್ಳಿಗಳಲ್ಲಿ ನಿಲ್ಲಬೇಕು. ಆಳವಾದ ತಗ್ಗು ತೋಡಿ ಹುಗಿಯಬೇಕು. ಕೋಳಿ ಸಾಕುವವರು ಸತ್ತ ಕೋಳಿಗಳನ್ನು ತಿಪ್ಪೆಗೆ ಹಾಕಕೂಡದು. ತಿಪ್ಪೆಯನ್ನೇ ಗುಂಡಿ ಗೊಬ್ಬರವಾಗಿ ಮಾಡಿ ಮೇಲೆ ಮಣ್ಣು ಮುಚ್ಚಿದರೆ ಹದ್ದು, ಕಾಗೆಗಳ ಕಾಟವೂ ಇಲ್ಲ, ಹೊಲಕ್ಕೆ ಒಳ್ಳೆಯ ಗೊಬ್ಬರವೂ ಸಿಕ್ಕಿತು.

ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುವ ರೂಢಿಯನ್ನೂ ಬಿಡಬೇಕು. ಅದರ ದಟ್ಟ ಹೊಗೆ ಚಾಲಕನ ಕಣ್ಣಿಗೆ ಓಡುಹಾದಿಯನ್ನು ಮರೆಮಾಡುತ್ತದೆ. ವಿಮಾನದ ಮಾತು ಹಾಗಿರಲಿ, ರವದಿ ಸುಟ್ಟರೆ ನಮ್ಮ ಭೂಮಿಯ ಸಾರವೂ ಸುಡುತ್ತದೆ. ಅದನ್ನು ಸಾಲಿನಲ್ಲಿ ಹಾಸಿ ಬಿಟ್ಟರೆ ತೇವ ನಿಲ್ಲುತ್ತದೆ, ಕಳೆ ತಗ್ಗುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಇಲ್ಲಿ ವಿಮಾನದವರ ಹಿತವೂ ರೈತನ ಹಿತವೂ ಒಂದೇ.

ಜಾತ್ರೆ, ಮದುವೆಗಳಲ್ಲಿ ಆಕಾಶಕ್ಕೆ ಬಿಡುವ ಲೇಸರ್ ಬೆಳಕು ಚಾಲಕನ ಕಣ್ಣು ಕುಕ್ಕುತ್ತದೆ. ವಿಮಾನತಾಣದ ದೀಪವೆಂದು ಭ್ರಮೆ ಹುಟ್ಟಿಸುವ ದೀಪಗಳಿಗೂ ನಿಷೇಧವಿದೆ.

ಔಷಧಿ ಸಿಂಪಡಿಸುವ ಡ್ರೋನುಗಳೂ ಹಳ್ಳಿಗೆ ಬಂದಿವೆ. ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನು ಕೊಡುವ ಯೋಜನೆ ೨೦೨೩ರಲ್ಲಿ ಮಂಜೂರಾಯಿತು. ೨೦೨೧ರ ಡ್ರೋನು ನಿಯಮಗಳ ಪ್ರಕಾರ, ನಡೆಯುತ್ತಿರುವ ವಿಮಾನತಾಣದ ಗಡಿಯಿಂದ ೮ ಕಿಲೋಮೀಟರಿನೊಳಗೆ ಅಪ್ಪಣೆಯಿಲ್ಲದೆ ಡ್ರೋನು ಹಾರಿಸುವಂತಿಲ್ಲ. ೮ರಿಂದ ೧೨ ಕಿಲೋಮೀಟರಿನ ನಡುವೆ ೨೦೦ ಅಡಿಗಳವರೆಗೆ, ಬೇರೆ ನಿರ್ಬಂಧವಿಲ್ಲದ ಕಡೆ, ಹಾರಿಸಬಹುದು. ಬಾಡಿಗೆಗೆ ಡ್ರೋನು ತರಿಸುವವರು ಮೊದಲು ಈ ಮಾತನ್ನು ವಿಚಾರಿಸಬೇಕು.

ಅಪ್ಪಣೆ ಪಡೆಯುವ ಬಗೆ

ವಿಮಾನತಾಣದಿಂದ ೨೦ ಕಿಲೋಮೀಟರಿನವರೆಗಿನ ಕಟ್ಟಡಗಳನ್ನೂ ಮರಗಳನ್ನೂ ನಿಯಂತ್ರಿಸುವ ಅಧಿಕಾರ ಕೇಂದ್ರ ಸರಕಾರಕ್ಕುಂಟು. ೧೯೩೪ರ ವಿಮಾನ ಕಾಯಿದೆಯಲ್ಲಿ ಇದು ಇತ್ತು. ಆ ಕಾಯಿದೆಯ ಬದಲಾಗಿ ಬಂದ ಭಾರತೀಯ ವಾಯುಯಾನ ಅಧಿನಿಯಮ ೨೦೨೫ರ ಜನವರಿ ೧ರಿಂದ ಜಾರಿಯಾಯಿತು. ಅದರಲ್ಲಿಯೂ ಈ ಅಧಿಕಾರ ಉಳಿದಿದೆ. ಎತ್ತರದ ಮಿತಿಯ ವಿವರವಾದ ನಿಯಮಗಳು ೨೦೧೫ರಲ್ಲಿ ಪ್ರಕಟವಾಗಿ ೨೦೨೦ರಲ್ಲಿ ತಿದ್ದುಪಡಿಯಾದವು.

ಎತ್ತರದ ಕಟ್ಟಡ ಕಟ್ಟುವವನು ಭಾರತೀಯ ವಿಮಾನಪತ್ತನ ಪ್ರಾಧಿಕಾರದಿಂದ ನಾ-ಹರಕತ್ ಪತ್ರ ಪಡೆಯಬೇಕು. ಅರ್ಜಿಯನ್ನು ಈಗ ಗಣಕಯಂತ್ರದ ಮೂಲಕವೇ ಕಳಿಸುತ್ತಾರೆ. ಅದಕ್ಕೆ ಜಾಗದ ಅಕ್ಷಾಂಶ, ರೇಖಾಂಶ ಮತ್ತು ಸಮುದ್ರಮಟ್ಟದಿಂದ ನೆಲದ ಎತ್ತರ ಬೇಕು. ಇವನ್ನು ತಜ್ಞ ಭೂಮಾಪಕನಿಂದಲೇ ಅಳೆಯಿಸಿರಿ. ಒಂದು ಅಂಕಿ ತಪ್ಪಿದರೆ ಸಿಕ್ಕ ಅಪ್ಪಣೆಯೂ ನಿಲ್ಲುವುದಿಲ್ಲ.

ಹಲವು ವಿಮಾನತಾಣಗಳಿಗೆ ಬಣ್ಣದ ನಕ್ಷೆಗಳನ್ನು ತಯಾರಿಸಿದ್ದಾರೆ. ಭೂಮಿಯನ್ನು ಚೌಕಗಳಾಗಿ ವಿಭಾಗಿಸಿ ಪ್ರತಿ ಚೌಕಕ್ಕೂ ಎಷ್ಟು ಎತ್ತರದವರೆಗೆ ಕಟ್ಟಬಹುದೆಂದು ತೋರಿಸಿರುತ್ತಾರೆ. ಕೆಂಪು ಬಣ್ಣದ ಪ್ರದೇಶದಲ್ಲಿ ಪ್ರಾಧಿಕಾರದ ಪತ್ರ ಬೇಕೇ ಬೇಕು. ಉಳಿದ ಬಣ್ಣಗಳಲ್ಲಿ ನಕ್ಷೆಯ ಎತ್ತರದೊಳಗೆ ಕಟ್ಟುವುದಾದರೆ ಸ್ಥಳೀಯ ಸಂಸ್ಥೆಯೇ ಅಪ್ಪಣೆ ಕೊಡಬಹುದು. ಬೀದರದಂಥ ವಾಯುಸೇನೆಯ ತಾಣಗಳ ಸುತ್ತ ಅಪ್ಪಣೆ ಕೊಡತಕ್ಕವರು ಸೇನೆಯವರು. ಪಶ್ಚಿಮ ತೆಲಂಗಾಣದ ಗಡಿಯಲ್ಲಿರುವ ನಮ್ಮ ಬಾಂಧವರು ಇದನ್ನು ನೆನಪಿಡಬೇಕು.

ಇನ್ನೊಂದು ಮಾತು. ಗ್ರಾಮಪಂಚಾಯತಿಯ ಅಪ್ಪಣೆ, ಎನ್.ಎ. ಆದ ಉತಾರ, ಬ್ಯಾಂಕಿನ ಸಾಲ ಈ ಮೂರೂ ಇದ್ದರೂ ಅವು ನಾ-ಹರಕತ್ ಪತ್ರದ ಬದಲಿಗೆ ಬರುವುದಿಲ್ಲ. ಭೂಮಿ ಬಿನ್‌ಶೇತಿ ಆಯಿತೆಂದರೆ ನೆಲದ ಉಪಯೋಗ ಬದಲಾಯಿತು ಎಂದಷ್ಟೇ ಅರ್ಥ. ಎಷ್ಟು ಎತ್ತರಕ್ಕೆ ಏರಬಹುದೆಂಬುದನ್ನು ಆ ಕಾಗದ ಹೇಳುವುದಿಲ್ಲ. ಮೀರಿ ಕಟ್ಟಿದ್ದನ್ನು ಕೆಡವಿಸಲು ೧೯೯೪ರಲ್ಲಿ ಬೇರೆ ನಿಯಮಗಳೇ ಬಂದವು. ಮೊದಲು ನೋಟೀಸು, ಆಮೇಲೆ ಮಾಲಕನ ಹೇಳಿಕೆ, ಅನಂತರ ಆಜ್ಞೆ. ಮಾಲಕನು ಕೇಳದಿದ್ದರೆ ಜಿಲ್ಲಾ ಕಲೆಕ್ಟರರ ಮೂಲಕ ಕೆಡವುವುದು, ಇದು ಅವುಗಳ ಕ್ರಮ. ನೋಟೀಸು ಬಂದಾಗ ಸುಮ್ಮನಿರುವುದು ಎಲ್ಲಕ್ಕಿಂತ ಕೆಟ್ಟ ದಾರಿ. ತಿಳಿದವರಿಂದ ಓದಿಸಿ, ಅವಧಿಯೊಳಗೆ ಲಿಖಿತ ಉತ್ತರ ಕೊಡಬೇಕು.

ರೈತನ ಹಕ್ಕು

ಎತ್ತರದ ಮಿತಿ ಬಂದಿತೆಂದರೆ ಭೂಮಿ ಹೋಯಿತೆಂದು ಹಳ್ಳಿಗಳಲ್ಲಿ ಗುಲ್ಲು ಏಳುತ್ತದೆ. ಆ ಗುಲ್ಲಿನಲ್ಲಿ ಹೆದರಿ ಅಗ್ಗಕ್ಕೆ ಹೊಲ ಮಾರಿಕೊಳ್ಳುವವರಿದ್ದಾರೆ. ಇದು ತಪ್ಪು ತಿಳಿವಳಿಕೆ. ಭೂಸ್ವಾಧೀನ ಬೇರೆ, ಎತ್ತರದ ಮಿತಿ ಬೇರೆ. ಸ್ವಾಧೀನದಲ್ಲಿ ಭೂಮಿ ಸರಕಾರಕ್ಕೆ ಹೋಗುತ್ತದೆ, ಬೆಲೆ ಸಿಗುತ್ತದೆ. ಎತ್ತರದ ಮಿತಿಯಲ್ಲಿ ಉತಾರ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ; ಉಳುವುದು, ಬಿತ್ತುವುದು, ಮಾರುವುದು, ಮಕ್ಕಳಿಗೆ ಬಿಡುವುದು ಎಲ್ಲವೂ ನಿಮ್ಮದೇ. ಮೇಲಕ್ಕೆ ಏರುವ ಹಕ್ಕಿಗೆ ಮಾತ್ರ ಒಂದು ಗೆರೆ ಬಿದ್ದಿದೆ.

ಆ ಗೆರೆಯಿಂದ ನಿಜವಾಗಿ ನಷ್ಟವಾದವನಿಗೆ ಕಾಯಿದೆಯು ಬಾಗಿಲು ಮುಚ್ಚಿಲ್ಲ. ಹಳೆಯ ಕಾಯಿದೆಯ ೯-ಬಿ ಕಲಮಿನಲ್ಲಿ ಪರಿಹಾರದ ಮಾತು ಸ್ಪಷ್ಟವಾಗಿತ್ತು. ಹೊಸ ಅಧಿನಿಯಮದಲ್ಲಿಯೂ ಪರಿಹಾರಕ್ಕೆ ಅವಕಾಶವಿದೆ. ಹಳೆಯ ಕಲಮು ಎಣಿಸಿದ ನಷ್ಟಗಳೆಂದರೆ: ಆಜ್ಞೆಯಿಂದ ಗಳಿಕೆಗೆ ಆದ ಹಾನಿ, ಭೂಮಿಯ ಪೇಟೆ ಬೆಲೆ ಇಳಿದಿದ್ದರೆ ಆ ಇಳಿತ, ಕಟ್ಟಡ ಕೆಡವಿದ್ದರೆ ಅಥವಾ ಮರ ಕಡಿದಿದ್ದರೆ ಅದರಿಂದಾದ ಹಾನಿ ಮತ್ತು ಖರ್ಚು, ಮನೆ ಅಥವಾ ಅಂಗಡಿ ಬದಲಿಸಬೇಕಾಗಿ ಬಂದರೆ ಅದರ ವೆಚ್ಚ. ಒಪ್ಪಂದದಿಂದ ಮೊತ್ತ ಗೊತ್ತಾಗದಿದ್ದರೆ ಪಂಚರನ್ನು ನೇಮಿಸುವ ವ್ಯವಸ್ಥೆಯನ್ನೂ ಅದರಲ್ಲಿ ಹೇಳಿತ್ತು. ಆದರೆ ಪರಿಹಾರ ಕೇಳುವವನ ಕೈಯಲ್ಲಿ ಪುರಾವೆ ಇರಬೇಕು. ಮರದ ವಯಸ್ಸೆಷ್ಟು, ವರ್ಷಕ್ಕೆ ಎಷ್ಟು ಕಾಯಿ ಬಿಡುತ್ತಿತ್ತು, ಮನೆ ಯಾವ ಇಸವಿಯಲ್ಲಿ ಕಟ್ಟಿದ್ದು, ಯಾರ ಅಪ್ಪಣೆಯಿಂದ ಕಟ್ಟಿದ್ದು ಇವೆಲ್ಲ ಕಾಗದದ ಮೇಲಿರಬೇಕು. ತಲಾಠಿಯ ದಫ್ತರದಲ್ಲಿ ನಿಮ್ಮ ಮರಗಳ ಮತ್ತು ಬೆಳೆಯ ನೋಂದಣಿ ವರ್ಷವರ್ಷ ಸರಿಯಾಗಿ ಆಗುತ್ತಿದೆಯೇ ಎಂದು ನೋಡಿಕೊಳ್ಳಿರಿ. ಮಿತಿ ಗೊತ್ತಿದ್ದೂ ಮೀರಿ ಕಟ್ಟಿದವನ ಮಾತು ಬೇರೆ. ಅವನ ಕೈ ಮೊದಲೇ ಸೋತಿರುತ್ತದೆ.

ನಿವೇಶನ ಕೊಳ್ಳುವವರೂ ಹೊಸೂರಿನವರೂ ಕೇಳಿರಿ

ವಿಮಾನತಾಣ ಬಂದಿತೆಂದರೆ ಅದರ ಬೆನ್ನಿಗೆ ದಲ್ಲಾಳಿಗಳು ಬರುತ್ತಾರೆ. ಹೊಲ ತುಂಡು ಮಾಡಿ, ಸುಣ್ಣದ ಗೆರೆ ಎಳೆದು, ಬಣ್ಣದ ಹಸ್ತಪತ್ರಿಕೆ ಹಂಚಿ ನಿವೇಶನ ಮಾರುತ್ತಾರೆ. ವಿಮಾನತಾಣ ಎಷ್ಟು ಹತ್ತಿರವೆಂದು ದೊಡ್ಡ ಅಕ್ಷರದಲ್ಲಿ ಹಾಕಿದ ಆ ಹಾಳೆಯಲ್ಲಿ, ಅಲ್ಲಿ ಎಷ್ಟು ಎತ್ತರ ಕಟ್ಟಬಹುದೆಂದು ಬರೆದಿದೆಯೇ ಎಂದು ಹುಡುಕಿ ನೋಡಿರಿ. ಹತ್ತಿರವಿದ್ದಷ್ಟೂ ಬೆಲೆ ಹೆಚ್ಚು ಎಂದು ಅವರು ಹೇಳುವರು. ಓಡುಹಾದಿಯ ನೇರಕ್ಕೆ ಹತ್ತಿರವಿದ್ದಷ್ಟೂ ಮಾಳಿಗೆ ತಗ್ಗು ಎಂಬುದು ಲೆಕ್ಕದ ಮಾತು. ಅದರ ಮೇಲೆ ಹಗಲಿರುಳು ವಿಮಾನದ ಸದ್ದೂ ಉಂಟು. ಮುಂದೆ ಮೂರು ಅಂತಸ್ತು ಏರಿಸಿ ಬಾಡಿಗೆಗೆ ಕೊಡುವ ಆಸೆಯಿಂದ ಕೂಡಿಟ್ಟ ಹಣ ಹಾಕುವವರು ಮೊದಲು ಎತ್ತರ ಕೇಳಲಿ, ಆಮೇಲೆ ಬೆಲೆ ಕೇಳಲಿ.

ಹೊಸೂರಿನ ಸೀಮೆಯ ಕನ್ನಡಿಗರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ೨೦೨೪ರ ಜೂನ್ ೨೭ರಂದು ತಮಿಳುನಾಡಿನ ಮುಖ್ಯಮಂತ್ರಿಗಳು ಹೊಸೂರಿನಲ್ಲಿ ೨,೦೦೦ ಎಕರೆಯಲ್ಲಿ, ವರ್ಷಕ್ಕೆ ೩ ಕೋಟಿ ಪ್ರಯಾಣಿಕರನ್ನು ಸಾಗಿಸಬಲ್ಲ ವಿಮಾನತಾಣ ಕಟ್ಟುವುದಾಗಿ ವಿಧಾನಸಭೆಯಲ್ಲಿ ಸಾರಿದರು. ಬೆಂಗಳೂರಿನ ವಿಮಾನತಾಣದ ಒಪ್ಪಂದದಲ್ಲಿ ೧೫೦ ಕಿಲೋಮೀಟರಿನೊಳಗೆ ೨೦೩೩ರವರೆಗೆ ಬೇರೆ ತಾಣ ಬರಬಾರದೆಂಬ ಷರತ್ತು ಇರುವುದರಿಂದ 'ಆಗುತ್ತದೆ, ಆಗುವುದಿಲ್ಲ' ಎಂಬ ವಾದಗಳೆದ್ದವು. ವಾದ ಏನೇ ಇರಲಿ, ಒಂದು ತಾಣ ಬಂದರೆ ಅದಕ್ಕೆ ಬೇಕಾಗುವ ಎಕರೆಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಭೂಮಿಯ ಮೇಲೆ ಅದರ ಮಾಳಿಗೆ ಹರಡುತ್ತದೆ. ತಾಣದ ಬೇಲಿಯ ಹೊರಗಿರುವವರಿಗೆ ಸಭೆಗೆ ಕರೆ ಬರುವುದಿಲ್ಲ. ಅವರೇ ಹೋಗಿ ಕೇಳಬೇಕು.

ಊರವರು ಮಾಡಬೇಕಾದುದು

ಒಬ್ಬೊಬ್ಬನೇ ಕಚೇರಿ ಸುತ್ತುವುದಕ್ಕಿಂತ ಊರು ಕೂಡಿ ಕೇಳಿದರೆ ಕೆಲಸ ಸುಲಭ. ಗ್ರಾಮಸಭೆಯಲ್ಲಿ ಠರಾವು ಮಾಡಿ, ನಮ್ಮ ಊರಿನ ಸರ್ವೆ ನಂಬರುಗಳಲ್ಲಿ ಎಲ್ಲೆಲ್ಲಿ ಎಷ್ಟು ಎತ್ತರಕ್ಕೆ ಅವಕಾಶವಿದೆ ಎಂದು ವಿಮಾನತಾಣದ ಅಧಿಕಾರಿಗಳನ್ನು ಲಿಖಿತವಾಗಿ ಕೇಳಬೇಕು. ಉತ್ತರ ಬಂದ ಮೇಲೆ ಅದನ್ನು ಕನ್ನಡಕ್ಕೆ ಇಳಿಸಿ ಪಂಚಾಯತಿಯ ಗೋಡೆಯ ಮೇಲೂ ಶಾಲೆಯ ಗೋಡೆಯ ಮೇಲೂ ಅಂಟಿಸಬೇಕು. ಇದಕ್ಕೆ ಬೇಕಾದುದು ಒಂದು ಹಾಳೆ, ಒಂದು ದಿನದ ಕೆಲಸ, ಎರಡು ಭಾಷೆ ಬಲ್ಲ ಒಬ್ಬ ಹುಡುಗ. ನಮ್ಮ ಗಡಿಯ ಹಳ್ಳಿಗಳಲ್ಲಿ ಎರಡು ಭಾಷೆ ಬಲ್ಲ ಹುಡುಗರಿಗೆ ಕೊರತೆಯಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದು ಖರ್ಚಿನ ಕಷ್ಟ ಬಲ್ಲುದರಿಂದ. ಕಟ್ಟಿದ ಮನೆಯನ್ನು ಕೆಡವುವ ಕಷ್ಟ ಅದಕ್ಕಿಂತ ದೊಡ್ಡದು. ಅಡಿಪಾಯಕ್ಕೆ ಗುದ್ದಲಿ ಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿರಿ: ಓಡುಹಾದಿಯಿಂದ ನನ್ನ ಹೊಲ ಎಷ್ಟು ದೂರ? ಸಮುದ್ರಮಟ್ಟದಿಂದ ನನ್ನ ನೆಲ ಎಷ್ಟು ಎತ್ತರ? ಅವೆರಡನ್ನು ತಿಳಿದ ಮೇಲೆ ನನಗೆ ಉಳಿದ ಆಕಾಶ ಎಷ್ಟು? ಈ ಮೂರಕ್ಕೆ ಕಾಗದದ ಮೇಲೆ ಉತ್ತರ ದೊರೆತ ದಿನ ಧೈರ್ಯವಾಗಿ ಗುದ್ದಲಿ ಹಾಕಿರಿ.